ಸದ್ದು ನಿಲ್ಲಿಸುವ ಜವರಪ್ಪ

ಪಡುವಾರಹಳ್ಳಿಯಲ್ಲಿ ಜವರಪ್ಪ ಎಂದು ಕೂಗಿದರೆ ನಾಲ್ಕು ಬಾಗಿಲು ತೆರೆಯುತ್ತವೆ. ಹಾಲಿನ ಜವರಪ್ಪ, ಗರಡಿ ಜವರಪ್ಪ, ಪಿಂಚಣಿ ಜವರಪ್ಪ, ಕೊನೆಗೆ ಸದ್ದು ಜವರಪ್ಪ. ಇದು ಸದ್ದು ಜವರಪ್ಪನ ವಿಷಯ. ಗೋಕುಲಂ ಕಡೆಗೆ ಹೋಗುವ ರಸ್ತೆಯ ತಿರುವಿನಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ನಲವತ್ತು ವರ್ಷದಿಂದ ಕಾರು ರಿಪೇರಿ ಮಾಡುತ್ತಿರುವ ಮನುಷ್ಯ.

ಈ ಹೆಸರು ಅವನಿಗೆ ಬಂದಿದ್ದು ಒಂದು ಉದ್ದನೆಯ ಸ್ಕ್ರೂಡ್ರೈವರಿನಿಂದ. ಕಾರು ಬಂದರೆ ಅವನು ಬೇರೆಯವರ ಹಾಗೆ ಮೊದಲು ಬಾನೆಟ್ಟಿನೊಳಗೆ ಕೈ ಹಾಕುತ್ತಿರಲಿಲ್ಲ. ಎಂಜಿನ್ ಓಡಲು ಬಿಟ್ಟು, ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತಿ, ಹಿಡಿಯನ್ನು ತನ್ನ ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದ. ಡಾಕ್ಟರು ಎದೆ ನೋಡಿದ ಹಾಗೆ ನಾಲ್ಕು ಕಡೆ ಇಟ್ಟು ಕೇಳಿ, "ಒಂದು ವಾಲ್ವು ಸಡಿಲ ಆಗ್ಬುಟ್ಟದೆ", "ನೀರಿನ ಪಂಪಿನ ಬೇರಿಂಗು ಅಳ್ತಾ ಅದೆ" ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ಎಂಜಿನ್ ಮುಗಿದೇಹೋಗಿದ್ದರೆ ಮಾತ್ರ ಏನೂ ಹೇಳುತ್ತಿರಲಿಲ್ಲ. "ಹ್ಞೂಂ" ಎಂದು ಸ್ಕ್ರೂಡ್ರೈವರನ್ನು ಬಟ್ಟೆಯಲ್ಲಿ ಒರೆಸಿ ಜೇಬಿಗೆ ಇಟ್ಟುಕೊಳ್ಳುತ್ತಿದ್ದ. ಆ ಹ್ಞೂಂಕಾರದ ಅರ್ಥ ಗೋಕುಲಂ, ಜಯಲಕ್ಷ್ಮಿಪುರಂಗಳ ಹಳೆಯ ಕಾರಿನವರಿಗೆಲ್ಲ ಗೊತ್ತಿತ್ತು. ಮರುಮಾತಾಡದೆ ಗುಜರಿಯವನಿಗೆ ಫೋನು ಮಾಡುತ್ತಿದ್ದರು.

"ಗಾಡಿ ಸದ್ದು ಮಾಡ್ತು ಅಂದ್ರೆ ಅದಕ್ಕೆ ಎಲ್ಲೋ ನೋವು ಅಂತ. ನೋವು ತೆಗುದ್ರೆ ಸದ್ದು ತಾನೇ ನಿಲ್ತದೆ." ಇದು ಅವನ ವೇದ, ಉಪನಿಷತ್ತು ಎರಡೂ. ಸುಮ್ಮನಿರುವುದೇ ಆರೋಗ್ಯ ಎಂದು ನಂಬಿದ ಮನುಷ್ಯ. ಈ ನಂಬಿಕೆ ಒಂದು ದಿನ ಅವನ ಮನೆಯನ್ನೇ ತಿನ್ನುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಮನೆಯಲ್ಲಿದ್ದವರು ಅವನು ಮತ್ತು ಹೆಂಡತಿ ನೀಲಮ್ಮ. ಮಗಳನ್ನು ನಂಜನಗೂಡಿಗೆ ಕೊಟ್ಟಿದ್ದರು. ನೀಲಮ್ಮ ಹೂ ಕಟ್ಟುತ್ತಿದ್ದಳು. ಮಲ್ಲಿಗೆ, ಕಾಕಡ, ಕನಕಾಂಬರ ಯಾವುದಾದರೂ ಸರಿ, ಬೆರಳು ತಾನಾಗಿ ಓಡುತ್ತಿತ್ತು. ಬೆಳಿಗ್ಗೆ ಬೆಳಿಗ್ಗೆಯೇ ಕಟ್ಟಿದ ಹೂವನ್ನು ಬುಟ್ಟಿಯಲ್ಲಿಟ್ಟುಕೊಂಡು ರಸ್ತೆ ದಾಟಿ, ಎದುರಿನ ಅರಳಿಕಟ್ಟೆಯ ಹತ್ತಿರ ಹೂ ಮಾರುವ ಮುದ್ದಮ್ಮನಿಗೆ ಕೊಟ್ಟು, ಅವಳ ಜೊತೆ ಅರ್ಧ ಗಂಟೆ ಹರಟಿ ಬರುತ್ತಿದ್ದಳು. ಇಡೀ ದಿನದಲ್ಲಿ ಅವಳಿಗೆ ಸ್ವಂತದ್ದು ಎಂದು ಇದ್ದದ್ದು ಆ ಅರ್ಧ ಗಂಟೆ.

ಸಕ್ಕರೆ ಕಾಯಿಲೆ ಅವಳ ಕಣ್ಣಿಗೆ ಇಳಿದದ್ದು ಐವತ್ತರ ನಂತರ. ಮೊದಲು ಅಂಚು ಮಸುಕಾಯಿತು, ಆಮೇಲೆ ನಡುವೆ ಕಪ್ಪು ಕೂತಿತು. ಎರಡು ಸಲ ಲೇಸರ್ ಮಾಡಿಸಿದರೂ ಬೆಳಕು, ಕತ್ತಲೆ ಎಂಬ ವ್ಯತ್ಯಾಸ ಬಿಟ್ಟರೆ ಹೆಚ್ಚೇನೂ ಉಳಿಯಲಿಲ್ಲ. ಹೂ ಕಟ್ಟುವುದಕ್ಕೆ ಕಣ್ಣು ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ರಸ್ತೆ ದಾಟುವುದಕ್ಕೆ. "ಹೂವ ನಾನೇ ಕೊಟ್ಟು ಬತ್ತೀನಿ ಬುಡು" ಎಂದು ಜವರಪ್ಪ ಹೇಳಿದಾಗ ನೀಲಮ್ಮ ಎರಡು ದಿನ ಊಟವನ್ನೇ ಸರಿಯಾಗಿ ಮಾಡಲಿಲ್ಲ.

ಆಗ ಜವರಪ್ಪ ಬುದ್ಧಿವಂತಿಕೆಯ ಒಂದು ಕೆಲಸ ಮಾಡಿದ. ಸಂಜೆ ಶೆಡ್ಡು ಮುಚ್ಚಿ ಬಂದು ಅವಳನ್ನು ಮನೆಯ ಮುಂದಿನ ಜಗುಲಿಯ ಮೇಲೆ ಕೂರಿಸಿಕೊಂಡು ತನ್ನ ವಿದ್ಯೆ ಕಲಿಸಲು ಶುರು ಮಾಡಿದ.

"ಇದ್ಯಾವ್ದು ಹೇಳು?"

"ಆಟೋ."

"ಖಾಲಿನೋ, ತುಂಬಿದ್ದೋ?"

"ತುಂಬಿದ್ದು. ಏದುಸಿರು ಬುಡ್ತಾ ಅದೆ."

"ಎಷ್ಟು ದೂರ?"

"ಹಿಟ್ಟಿನ ಗಿರಣಿ ದಾಟ್ತು."

ಮೂರು ತಿಂಗಳಲ್ಲಿ ನೀಲಮ್ಮ ಗುರುವನ್ನು ಮೀರಿಸಿದಳು. ಯಾರ ಬೈಕು, ಯಾರ ಕಾರು, ಯಾರು ಗೇರು ಹಾಕುವಾಗ ಕ್ಲಚ್ಚು ಪೂರ್ತಿ ಒತ್ತುವುದಿಲ್ಲ ಎಂಬುದನ್ನೆಲ್ಲ ಜಗುಲಿಯ ಮೇಲೆ ಕೂತೇ ಹೇಳುತ್ತಿದ್ದಳು. ಜವರಪ್ಪನ ಸ್ಕೂಟರು ಬೀದಿಯ ತಿರುವಿನಲ್ಲಿರುವಾಗಲೇ ಒಲೆಯ ಮೇಲೆ ಕಾಫಿಗೆ ಇಡುತ್ತಿದ್ದಳು. ಅವನು ಕಲಿಸಿದ ಸೂತ್ರ ಒಂದೇ: "ರಸ್ತೆ ಅಂಚಲ್ಲಿ ನಿಂತ್ಕೊ. ಎರಡೂ ಕಡೆಗೆ ಕಿವಿ ಕೊಡು. ಎಂಜಿನ್ ಸದ್ದಿಲ್ಲ ಅಂದ್ರೆ ರಸ್ತೆ ಖಾಲಿ. ಕಣ್ಣು ಮುಚ್ಕಂಡು ಕಾಲಿಡು." ಕೊನೆಯ ಮಾತಿಗೆ ಇಬ್ಬರೂ ನಗುತ್ತಿದ್ದರು. ನಾಲ್ಕು ವರ್ಷ ಅವಳು ಹಾಗೆಯೇ ದಾಟಿದಳು. ಒಂದು ಸಲವೂ ಎಡವಲಿಲ್ಲ.

ಅಷ್ಟರಲ್ಲಿ ಊರಿನ ಗಾಳಿ ಬದಲಾಯಿತು. ಗೋಕುಲಂನಲ್ಲಿ ಯೋಗ ಕಲಿಯಲು ಬರುವ ವಿದೇಶದವರು ಮೊದಲಿನಿಂದಲೂ ಇದ್ದರು. ಈಗ ಅವರ ಸುತ್ತ ಹೊಸ ಬಗೆಯ ಅಂಗಡಿಗಳು ಹುಟ್ಟಿಕೊಂಡವು. ಗಾಣದ ಎಣ್ಣೆ, ಸೀಗೆಪುಡಿ, ಸಿರಿಧಾನ್ಯ, ಅಡಿಕೆ ಹಾಳೆಯ ತಟ್ಟೆ. ಪ್ಲಾಸ್ಟಿಕ್ ಕೊಡುವುದಿಲ್ಲ, ಮನೆಯಿಂದ ಡಬ್ಬಿ ತನ್ನಿ ಎಂದು ಬೋರ್ಡು. ಪಡುವಾರಹಳ್ಳಿಯ ಹೆಂಗಸರು ಮೂವತ್ತು ವರ್ಷ ಎಣ್ಣೆಗೆ ಡಬ್ಬಿ ಹಿಡಿದುಕೊಂಡೇ ಹೋಗಿದ್ದರು, ಆಗ ಅದಕ್ಕೆ ಯಾರೂ ಬೋರ್ಡು ಹಾಕಿರಲಿಲ್ಲ. ಇರಲಿ, ಒಳ್ಳೆಯದನ್ನು ಯಾರು ಮಾಡಿದರೂ ಒಳ್ಳೆಯದೇ. ಅಂಥ ಅಂಗಡಿಗಳಲ್ಲಿ ದೊಡ್ಡದು ಸುಷ್ಮಾ ಎಂಬ ಹೆಣ್ಣುಮಗಳದು. ಆಕೆ ಸೋಗಿನವಳಲ್ಲ. ಕಸವನ್ನು ಕೈಯಾರೆ ಬೇರೆ ಮಾಡುತ್ತಿದ್ದಳು, ಕೆಲಸದವರಿಗೆ ತನ್ನ ತಟ್ಟೆಯಲ್ಲಿದ್ದದ್ದನ್ನೇ ಬಡಿಸುತ್ತಿದ್ದಳು. ಮನೆಮನೆಗೆ ಸಾಮಾನು ಕಳಿಸಲು ಒಂದು ಎಲೆಕ್ಟ್ರಿಕ್ ಕಾರು ಕೊಂಡು, ಮೊದಲು ಆಟೋ ಓಡಿಸುತ್ತಿದ್ದ ಸಿದ್ದೇಶನನ್ನು ಅದಕ್ಕೆ ಡ್ರೈವರಾಗಿ ಇಟ್ಟುಕೊಂಡಿದ್ದಳು.

ಎಲೆಕ್ಟ್ರಿಕ್ ಕಾರು ಒಂದಿದ್ದದ್ದು ಹತ್ತಾಯಿತು, ಹತ್ತು ನಲವತ್ತಾಯಿತು. ಜವರಪ್ಪನ ಶೆಡ್ಡಿನ ಮುಂದೆ ಅವು ಹಾದುಹೋಗುತ್ತಿದ್ದವೇ ಹೊರತು ನಿಲ್ಲುತ್ತಿರಲಿಲ್ಲ. ಆಯಿಲ್ಲಿಲ್ಲ, ಪ್ಲಗ್ಗಿಲ್ಲ, ವಾಲ್ವಿಲ್ಲ. ಒಂದು ಸಲ ನಿಂತ ಕಾರಿಗೆ ಸ್ಕ್ರೂಡ್ರೈವರ್ ಇಟ್ಟು ಕೇಳಿದ. ಒಳಗೆ ಏನೂ ಇರಲಿಲ್ಲ. ಗೋಡೆಗೆ ಕಿವಿ ಕೊಟ್ಟ ಹಾಗಾಯಿತು. ಅರವತ್ತೊಂದು ವರ್ಷದ ಮನುಷ್ಯ ಆವತ್ತು ಶೆಡ್ಡಿನ ಬೆಂಚಿನ ಮೇಲೆ ಕೂತು, ತನಗೆ ಗೊತ್ತಿದ್ದದ್ದೆಲ್ಲ ಇಷ್ಟೇನಾ ಎಂದುಕೊಂಡ.

ಹಾಗಿರುವಾಗ, ಜ್ಯೇಷ್ಠ ಮಾಸದ ಒಂದು ಮಧ್ಯಾಹ್ನ ಸುಷ್ಮಾ ತನ್ನ ಕಾರನ್ನು ಅವನ ಶೆಡ್ಡಿಗೇ ತಂದಳು. ಜೊತೆಗೆ ಸಿದ್ದೇಶ ಇದ್ದ.

"ಜವರಪ್ಪನೋರೆ, ನೀವು ಯಾವ ಸದ್ದಾದ್ರೂ ನಿಲ್ಲಿಸ್ತೀರಿ ಅಂತಾರಲ್ಲ. ಇದು ನಿಧಾನವಾಗಿ ಹೋಗುವಾಗ, ರಿವರ್ಸ್ ತಗೊಳ್ಳುವಾಗ ಗುಂಯ್ ಅಂತ ಒಂದೇ ಸಮ ಕೂಗುತ್ತೆ. ಬೆಳಿಗ್ಗೆ ನಮ್ಮ ಅಂಗಡಿ ಮೇಲೆ ಯೋಗ ಕ್ಲಾಸ್ ನಡೆಯುತ್ತೆ, ಅವರಿಗೆಲ್ಲ ಕಿರಿಕಿರಿ. ಏನಾದ್ರೂ ಮಾಡೋಕಾಗುತ್ತಾ?"

ಜವರಪ್ಪನ ಮುಖ ಎಷ್ಟು ದಿನದ ಮೇಲೆ ಅರಳಿತೋ. ಕಾರನ್ನು ನಿಧಾನಕ್ಕೆ ಹಿಂದೆ ಮುಂದೆ ಓಡಿಸಲು ಸಿದ್ದೇಶನಿಗೆ ಹೇಳಿ, ಪಕ್ಕದಲ್ಲಿ ಬಗ್ಗಿಕೊಂಡು ನಡೆಯುತ್ತಾ ಕೇಳಿದ. ಚಕ್ರದ ಸದ್ದಲ್ಲ, ಮೋಟರಿನದೂ ಅಲ್ಲ. ಮುಂದಿನ ಬಂಪರಿನ ಹಿಂದಿನಿಂದ ಬರುತ್ತಿತ್ತು. ಕೆಳಗೆ ತೂರಿ ನೋಡಿದರೆ ಅರ್ಧ ತೆಂಗಿನ ಚಿಪ್ಪಿನಷ್ಟು ದೊಡ್ಡ ಕರಿ ಡಬ್ಬಿ. ಧೂಳು ಒರೆಸಿದ. ಮೇಲೆ ಒಂದು ಚೀಟಿ ಅಂಟಿಸಿತ್ತು. ಅದರಲ್ಲಿ ನಡೆದು ಹೋಗುತ್ತಿರುವ ಒಬ್ಬ ಮನುಷ್ಯನ ಗುರುತು. ಕಂಪನಿಯ ಮುದ್ರೆ ಇರಬೇಕು ಎಂದುಕೊಂಡ.

"ಹಾರ್ನು ಬೇರೆ ಅದೆ. ಇದ್ಯಾಕೆ ಮಡಗವ್ರೆ?" ಎಂದು ಸಿದ್ದೇಶನನ್ನು ಕೇಳಿದ. "ಬುಕ್ಕಲ್ಲಿ ಏನಾದ್ರೂ ಬರ್ದವ್ರಾ?"

"ಬುಕ್ಕು ಇಂಗ್ಲಿಷಲ್ಲಿ ಅದೆ ಜವರಪ್ಪಣ್ಣ. ಹಿಂದ್ಲ ಕಾಲ್ದಲ್ಲಿ ರಿವರ್ಸ್ ಹಾಕುದ್ರೆ ಹಾಡು ಬತ್ತಿರ್ಲಿಲ್ವಾ? ಅಂಗೇ ಯಾವ್ದೋ ಶೋಕಿಗೆ ಇಟ್ಟಿರ್ಬೇಕು."

ಸುಷ್ಮಾ ಫೋನಿನಲ್ಲಿ ಮಾತಾಡುತ್ತಾ ಹೊರಗೆ ನಿಂತಿದ್ದಳು. ಆಕೆಯನ್ನು ಕರೆದು ಪುಸ್ತಕ ಓದಿಸಲು ಅರ್ಧ ನಿಮಿಷ ಸಾಕಾಗಿತ್ತು. ಆದರೆ ಸದ್ದು ಜವರಪ್ಪನೆಂಬ ಹೆಸರಿನವನು ಒಂದು ಸದ್ದಿನ ವಿಷಯವನ್ನು ಪುಸ್ತಕ ಕೇಳಿ ತಿಳಿದುಕೊಳ್ಳುವುದೇ? ವೈರಿನ ಕೊಂಡಿ ಕಿತ್ತ, ತುದಿಗೆ ಟೇಪು ಸುತ್ತಿದ, ನೀಟಾಗಿ ಒಳಕ್ಕೆ ಕಟ್ಟಿದ. ಕಾರು ಬೆಕ್ಕಿನ ಹಾಗೆ ಶೆಡ್ಡಿನಿಂದ ಹೊರಗೆ ಹೋಯಿತು. ಸುಷ್ಮಾ ಕೈಮುಗಿದಳು. ತಮ್ಮ ಹಸಿರು ಅಂಗಡಿಗಳ ಬಳಗದಲ್ಲಿ ಇನ್ನೂ ಎಂಟು ಇಂಥ ಗಾಡಿಗಳಿವೆ, ಎಲ್ಲರಿಗೂ ನಿಮ್ಮ ಹೆಸರು ಹೇಳುತ್ತೇನೆ ಎಂದಳು.

ಆ ಸಂಜೆ ಜವರಪ್ಪ ಮದ್ದೂರು ವಡೆ ಕಟ್ಟಿಸಿಕೊಂಡು ಮನೆಗೆ ಹೋದ.

"ಏನ್ರೀ ಇವತ್ತು, ವಡೆ ವಾಸ್ನೆ?"

"ಎಲೆಕ್ಟ್ರಿಕ್ ಕಾರಿಗೆ ಕೈ ಹಾಕ್ದೆ ಕಣಮ್ಮಿ! ಆ ಗೋಕುಲದ ಸುಷ್ಮಾ ಮೇಡಂದು."

"ಅದ್ರಲ್ಲಿ ಸದ್ದೇ ಇರಲ್ಲ ಅಂತಿದ್ರಿ?"

"ಇತ್ತು. ನಾನು ಕೈ ಹಾಕೋಗಂಟ ಇತ್ತು!"

ನೀಲಮ್ಮ ಬಾಯಿತುಂಬ ನಕ್ಕಳು. ಗಂಡನ ದನಿಯಲ್ಲಿ ಹಳೆಯ ಜೋರು ಕೇಳಿ ಅವಳಿಗೆ ನಿಜವಾಗಿಯೂ ಸಂತೋಷವಾಗಿತ್ತು.

ನಾಲ್ಕೈದು ದಿನ ಕಳೆದ ಮೇಲೆ, ಜಗುಲಿಯ ಮೇಲೆ ಕೂತಿದ್ದಾಗ ಅವಳು ಒಂದು ಮಾತು ಹೇಳಿದಳು. "ಬೆಳಿಗ್ಗೆ ನಾನು ಹೂವ ತಕಂಡು ಹೋಗೋ ಹೊತ್ತಿಗೆ ಒಂದು ಗುಂಯ್ ಗಾಡಿ ಬರೋದು ಕಣ್ರೀ. ತಂಬೂರಿ ಮೀಟಿದಂಗೆ ಸದ್ದು. ಅದು ಹೋಗ್ಲಿ ಅಂತ ನಿಂತ್ಕಂಡು ದಾಟ್ತಿದ್ದೆ. ಈಗ ನಾಕು ದಿನ ಆಯ್ತು, ಬತ್ತಾನೇ ಇಲ್ಲ."

ಜವರಪ್ಪ ಆ ಹೊತ್ತಿಗೆ ಯಾವಾಗಲೂ ಶೆಡ್ಡು ತೆರೆಯಲು ಹೋಗಿರುತ್ತಿದ್ದ. ಆ ಗಾಡಿಯನ್ನು ಅವನು ತನ್ನ ಬೀದಿಯಲ್ಲಿ ಕಂಡವನೇ ಅಲ್ಲ. ಹಲ್ಲುಕಡ್ಡಿ ಆಡಿಸುತ್ತಾ, "ಯಾರೋ ಮಾರ್ಬುಟ್ಟಿರ್ಬೇಕು ಬುಡು" ಎಂದ.

ಗುಂಯ್ ಎಂಬ ಆ ಒಂದು ಶಬ್ದವನ್ನು ಸುಷ್ಮಾಳ ಬಾಯಲ್ಲಿ ಕೇಳಿದ್ದ, ಈಗ ಹೆಂಡತಿಯ ಬಾಯಲ್ಲೂ ಕೇಳಿದ. ಎಂಜಿನ್ನಿನೊಳಗಿನ ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುವ ಕಿವಿಗೆ ಇದು ಹತ್ತಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿದ್ದಿತ್ತಂತೆ.

ಆಷಾಢದ ಮೊದಲ ಶುಕ್ರವಾರ. ದೇವಿಯ ದರ್ಶನಕ್ಕೆ ಬೆಟ್ಟಕ್ಕೆ ಹೋಗುವವರಿಗೆಲ್ಲ ಹೂ ಬೇಕು, ಮುದ್ದಮ್ಮ ಎರಡರಷ್ಟು ಕೇಳಿದ್ದಳು. ನೀಲಮ್ಮ ತುಂಬಿದ ಬುಟ್ಟಿ ಹಿಡಿದು ರಸ್ತೆಯಂಚಿಗೆ ಬಂದು ನಿಂತಳು. ಎಡಕ್ಕೆ ಕಿವಿ ಕೊಟ್ಟಳು, ಬಲಕ್ಕೆ ಕೊಟ್ಟಳು. ಎಂಜಿನ್ ಸದ್ದಿಲ್ಲ. ಕಾಲಿಟ್ಟಳು.

ಕಾರು ಜೋರಾಗೇನೂ ಬರುತ್ತಿರಲಿಲ್ಲ. ಆದರೂ ಗುದ್ದಿದ್ದು ಸೊಂಟಕ್ಕೆ. ಅವಳು ಅಂಗಾತ ಬಿದ್ದಳು, ಮಲ್ಲಿಗೆ ಚರಂಡಿಯವರೆಗೂ ಚೆಲ್ಲಿತು. ಸಿದ್ದೇಶ ಇಳಿದು ಬಂದು ತಲೆ ಚಚ್ಚಿಕೊಂಡು ಅಳುತ್ತಿದ್ದನಂತೆ. "ಮುದ್ದಮ್ಮೋರೆ, ಈ ಅಮ್ಮ ನನ್ ಕಡೀಕೇ ಮುಖ ತಿರುಗ್ಸಿ ನಿಂತಿದ್ರು. ನೋಡವ್ರೆ, ನಿಲ್ತಾರೆ ಅಂತ ಅನ್ಕಂಡೆ." ಅವಳು ಮುಖ ತಿರುಗಿಸಿದ್ದು ನೋಡುವುದಕ್ಕಲ್ಲ, ಕೇಳುವುದಕ್ಕೆ. ಅದು ಅವನಿಗೆ ಹೇಗೆ ಗೊತ್ತಾಗಬೇಕು?

ಜವರಪ್ಪ ಆಸ್ಪತ್ರೆಗೆ ಓಡಿದಾಗ ನೀಲಮ್ಮನಿಗೆ ಎಚ್ಚರವಿತ್ತು. ಸೊಂಟದ ಮೂಳೆ ಎರಡು ಕಡೆ ಮುರಿದಿತ್ತು. ನೋವಿನಲ್ಲೂ ಅವಳು ಅವನ ಕೈ ಹಿಡಿದು ಹೇಳಿದ್ದು ಒಂದೇ: "ಸದ್ದೇ ಬರ್ಲಿಲ್ಲ ಕಣ್ರೀ."

"ಯಾವ ಗಾಡಿ?" ಎಂದು ಜವರಪ್ಪ ಅವಳ ಜೊತೆಗೆ ಬಂದಿದ್ದ ಮುದ್ದಮ್ಮನನ್ನು ಕೇಳಿದ.

"ಆ ಸುಷ್ಮಾ ಮೇಡಂ ಅಂಗ್ಡಿ ಕಾರು ಕಣಪ್ಪ, ದಿನಾ ನಮ್ ಬೀದೀಲೇ ಬತ್ತದಲ್ಲ."

ಜವರಪ್ಪ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತ. ಡಬ್ಬಿಯ ಮೇಲಿನ ಚೀಟಿ ಕಣ್ಣ ಮುಂದೆ ಬಂತು. ನಡೆದು ಹೋಗುತ್ತಿರುವ ಮನುಷ್ಯ. ಅದು ಕಂಪನಿಯ ಮುದ್ರೆಯಲ್ಲ. ನಡೆದು ಹೋಗುವವರಿಗಾಗಿ ಇಟ್ಟ ಸದ್ದು ಅದು. ನೋವಿನ ಸದ್ದಲ್ಲ, ಎಚ್ಚರದ ಸದ್ದು. ಅದನ್ನು ಅರ್ಥಮಾಡಿಕೊಳ್ಳಲು ಇಂಗ್ಲಿಷೂ ಬೇಕಿರಲಿಲ್ಲ, ಕಣ್ಣು ಬಿಟ್ಟು ನೋಡಿದ್ದರೆ ಸಾಕಿತ್ತು.

ಆಗಲೇ ಹೇಳಬೇಕಾಗಿತ್ತು. ಬಾಯಿ ತೆರೆದ ಕೂಡಾ. ಅಷ್ಟರಲ್ಲಿ ನೀಲಮ್ಮ, "ನನ್ ಕಿವೀನೂ ಹೋಯ್ತು ಅಂತ ಕಾಣ್ತದೆ" ಎಂದಳು. ಅವನು ಬಾಯಿ ಮುಚ್ಚಿದ. ಆಮೇಲೆ ಎಷ್ಟೋ ದಿನ ಮುಚ್ಚಿಯೇ ಇದ್ದ.

ಪೊಲೀಸರು ಬಂದರು, ಗಾಡಿ ಪರೀಕ್ಷೆ ಮಾಡುವವರೂ ಬಂದರು. ಬ್ರೇಕು, ಹಾರ್ನು, ದೀಪ ಎಲ್ಲ ಸರಿಯಾಗಿತ್ತು. ಇಲ್ಲದ ಸದ್ದನ್ನು ಹುಡುಕಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕೇಸು ಸಿದ್ದೇಶನ ಮೇಲಾಯಿತು, ಲೈಸೆನ್ಸು ಕಿತ್ತುಕೊಂಡರು. ಹಸಿರು ಅಂಗಡಿಯ ಗಾಡಿ ಕುರುಡಿಗೆ ಗುದ್ದಿತು ಎಂಬ ಸುದ್ದಿ ವಾಟ್ಸಾಪಿನಲ್ಲಿ ಬಡಾವಣೆಯಿಡೀ ಸುತ್ತಿತು. ಸುಷ್ಮಾ ಆಸ್ಪತ್ರೆಗೆ ದಿನಾ ಬಂದಳು, ಚಿಕಿತ್ಸೆಯ ಖರ್ಚೆಲ್ಲ ತಾನೇ ನೋಡಿಕೊಂಡಳು, ಆದರೆ ಸಿದ್ದೇಶನನ್ನು ಕೆಲಸದಿಂದ ತೆಗೆದಳು. ಸದ್ದು ನಿಲ್ಲಿಸಿ ಎಂದು ತಾನೇ ಕೇಳಿದ್ದು ಆಕೆಗೂ ನೆನಪಾಗಲಿಲ್ಲವೋ, ನೆನಪು ಮಾಡಿಕೊಳ್ಳಲಿಲ್ಲವೋ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಜವರಪ್ಪ ಎಲ್ಲವನ್ನೂ ನೋಡುತ್ತಾ ನಿಂತಿದ್ದ.

ಮೂಳೆಗೆ ಸರಳು ಹಾಕಿದರು. ನೀಲಮ್ಮ ಮನೆಗೆ ಬಂದಳು, ಎರಡೂ ಕೈಯಲ್ಲಿ ವಾಕರಿನ ಚೌಕಟ್ಟು ಹಿಡಿದು ಹಾಸಿಗೆಯಿಂದ ಬಚ್ಚಲಿಗೆ ನಡೆಯುವಷ್ಟಾದಳು. ಅದಕ್ಕಿಂತ ಮುಂದಕ್ಕೆ ಹೋಗಲಿಲ್ಲ. ಮುದ್ದಮ್ಮ ತಾನೇ ಬಂದು ಹೂ ಒಯ್ಯುತ್ತೇನೆ ಎಂದರೆ, "ಬೇಡ ಕಣಮ್ಮ" ಎಂದುಬಿಟ್ಟಳು. ಜವರಪ್ಪ ಸಂಜೆ ಜಗುಲಿಯಲ್ಲಿ ಕೂರಿಸಿ, "ಇದ್ಯಾವ್ದು ಹೇಳು?" ಎಂದರೆ, "ಗೊತ್ತಾಗಲ್ಲ ಕಣ್ರೀ. ಕಿವಿ ಮೊದ್ಲಿನಂಗಿಲ್ಲ" ಎನ್ನುತ್ತಿದ್ದಳು. ಅವನ ಸ್ಕೂಟರು ತಿರುವಿಗೆ ಬಂದರೂ ಕಾಫಿಗೆ ಇಡುತ್ತಿರಲಿಲ್ಲ. ಬಾಗಿಲಿಗೆ ಬಂದು ಕೆಮ್ಮಿದರೆ, ಬೆಚ್ಚಿದವಳಂತೆ "ಯಾರು?" ಎನ್ನುತ್ತಿದ್ದಳು.

ಆ 'ಯಾರು' ಕೇಳಿದಾಗಲೆಲ್ಲ ಜವರಪ್ಪನಿಗೆ ಜೀವ ಬೇಡವಾಗುತ್ತಿತ್ತು. ಅವಳ ಕಣ್ಣನ್ನು ಕಾಯಿಲೆ ತಿಂದಿತ್ತು. ಕಿವಿಯ ಮೇಲಿನ ನಂಬಿಕೆಯನ್ನು ತಿಂದವನು ತಾನು. ನಿನ್ನ ಕಿವಿ ಸರಿಯಾಗಿದೆ, ಕೆಟ್ಟದ್ದು ನನ್ನ ಕೈ ಎಂದು ಒಂದು ಮಾತು ಹೇಳಿದರೆ ಅವಳಿಗೆ ಅವಳ ಕಿವಿ ವಾಪಸು ಸಿಗುತ್ತಿತ್ತು. ಆದರೆ ಗಂಡನ ಮೇಲಿನ ನಂಬಿಕೆ? ಹಿತ್ತಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು, ಆ ಸದ್ದಿನ ಮರೆಯಲ್ಲಿ ಅತ್ತು, ಮುಖ ತೊಳೆದುಕೊಂಡು ಬರುತ್ತಿದ್ದ.

ಸಂಕ್ರಾಂತಿ ಕಳೆದ ಮೇಲೆ ಸುಷ್ಮಾಳ ಕಾರು ವೈಪರು ಬದಲಿಸಲು ಶೆಡ್ಡಿಗೆ ಬಂತು. ಹೊಸ ಡ್ರೈವರು ಟೀ ಕುಡಿಯಲು ಹೋದ. ಜವರಪ್ಪ ಕೆಳಗೆ ತೂರಿ ಟೇಪು ಬಿಚ್ಚಿ ಕೊಂಡಿಯನ್ನು ಮತ್ತೆ ಸಿಕ್ಕಿಸಿದ. ಯಾರಿಗೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಶೆಡ್ಡು ತೆರೆಯಲು ಹೋಗದೆ, ನೀಲಮ್ಮನನ್ನು ಜಗುಲಿಗೆ ಕರೆತಂದು ಪಕ್ಕದಲ್ಲಿ ಕೂತ.

ಕಾರು ತಿರುವಿನಲ್ಲಿ ನಿಧಾನವಾಯಿತು. ಗುಂಯ್ ಎನ್ನುತ್ತಾ ಬಂದು ಮನೆಯ ಮುಂದೆ ಹಾದು ಹೋಯಿತು. ನೀಲಮ್ಮನ ಕತ್ತು ಎಡದಿಂದ ಬಲಕ್ಕೆ, ಅದು ಹೋದ ದಾರಿಯಲ್ಲೇ ತಿರುಗಿತು.

"ಕೇಳುಸ್ತಾ?" ಎಂದ ಜವರಪ್ಪ.

"ಹ್ಞಾಂ. ಗುಂಯ್ ಗಾಡಿ."

"ನಿನ್ ಕಿವಿ ಚೆನ್ನಾಗೇ ಅದೆ ಕಣಮ್ಮಿ. ಆವತ್ತು ಅದ್ಕೆ ಸದ್ದಿರ್ಲಿಲ್ಲ. ನಾನೇ... ಆ ಸದ್ದು ನಾನೇ ಕಿತ್ತಾಕಿದ್ದೆ."

ನೀಲಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಹೂವಿಲ್ಲದೆ ಖಾಲಿಯಾದ ಬೆರಳು.

"ಗೊತ್ತು" ಎಂದಳು.

"ಗೊತ್ತಾ?"

"ವಡೆ ತಂದ ದಿವ್ಸ ನೀವೇ ಹೇಳಿದ್ರಲ್ಲ. ಆಸ್ಪತ್ರೇಲಿ ಮುದ್ದಮ್ಮ ಗಾಡಿ ಯಾವ್ದು ಅಂದಾಗ್ಲೇ ಗೊತ್ತಾಯ್ತು. ಸದ್ದೇ ಇರ್ಲಿಲ್ಲ ಅಂತ ಪೊಲೀಸ್ರ ಮುಂದೆ ನಾನು ಇನ್ನೊಂದ್ ಸಲ ಅಂದಿದ್ರೆ, ಯಾಕಿರ್ಲಿಲ್ಲ ಅಂತ ಅವ್ರು ಹುಡುಕೋರು. ಅದ್ಕೇ ಕಿವಿ ಹೋಯ್ತು ಅಂದೆ."

"ಅಂಗಾದ್ರೆ ನಿಂಗೆ... ಎಲ್ಲಾ ಕೇಳುಸ್ತದಾ?"

"ಎಲ್ಲಾ ಕೇಳುಸ್ತದೆ. ನೀವು ನಲ್ಲಿ ಬುಟ್ಕಂಡು ಅಳೋದೂ ಕೇಳುಸ್ತದೆ."

ಜವರಪ್ಪ ಅವಳ ಕಾಲ ಬಳಿ ಜಗುಲಿಯ ಮೆಟ್ಟಿಲ ಮೇಲೆ ಕೂತ. ಏಳು ತಿಂಗಳು ಅವಳು ಕಿವುಡಿಯ ವೇಷ ಹಾಕಿಕೊಂಡು ಕೂತಿದ್ದಳು. ಅವನನ್ನು ಉಳಿಸುವುದಕ್ಕೆ ಇದ್ದದ್ದೊಂದು ಕಿವಿಯನ್ನೂ ತಾನೇ ಮುಚ್ಚಿಕೊಂಡಿದ್ದಳು. ಅವನ ಸ್ಕೂಟರು ತಿರುವಿಗೆ ಬಂದದ್ದು ಕೇಳಿಯೂ "ಯಾರು?" ಎಂದಿದ್ದಳು. ಎಂದಾದರೂ ಬಾಯಿ ಬಿಡುತ್ತಾನೆ ಎಂದು ದಿನ ದಿನವೂ ಕಾದಿದ್ದಳು.

"ಸಿದ್ದೇಶಂಗೆ ಹೇಳಿದ್ರಾ?" ಎಂದಳು ನೀಲಮ್ಮ.

ಹೇಳಿರಲಿಲ್ಲ. ಸಿದ್ದೇಶ ಈಗ ಮೇಟಗಳ್ಳಿಯ ಕಡೆ ಯಾವುದೋ ಗೋಡೌನಿನಲ್ಲಿ ಮೂಟೆ ಹೊರುತ್ತಾನೆ, ಸ್ಟೇರಿಂಗ್ ಮುಟ್ಟಲು ಒಪ್ಪುವುದಿಲ್ಲ, ತನ್ನ ಕಣ್ಣೇ ಸರಿಯಿಲ್ಲ ಎಂದು ನಂಬಿಬಿಟ್ಟಿದ್ದಾನೆ ಎಂಬುದನ್ನು ಜವರಪ್ಪ ಜನರ ಬಾಯಲ್ಲಿ ಕೇಳಿದ್ದ. ಎರಡು ಸಲ ಅತ್ತ ಕಡೆ ಸ್ಕೂಟರು ತಿರುಗಿಸಿ ಅರ್ಧ ದಾರಿಯಿಂದ ವಾಪಸು ಬಂದಿದ್ದ.

"ಹೇಳ್ತೀನಿ" ಎಂದ. "ಈ ಕೇಸು ಒಂಚೂರು ತಣ್ಣಗಾಗ್ಲಿ. ನೋಡ್ಕಂಡು ಹೇಳ್ತೀನಿ."

ನೀಲಮ್ಮ ಮುಖವನ್ನು ಅವನ ಕಡೆಗೆ ತಿರುಗಿಸಿದಳು. ನೋಡುವುದಕ್ಕಲ್ಲ. ಅವನು ಆಡಿದ ಮಾತನ್ನೂ ಅದರ ಹಿಂದಿನ ಉಸಿರನ್ನೂ ಅವಳು ಕೇಳುತ್ತಿದ್ದಳು, ಅವನೇ ಕಲಿಸಿಕೊಟ್ಟ ಹಾಗೆ, ಕಣ್ಣು ಮುಚ್ಚಿಕೊಂಡು.

"ಹ್ಞೂಂ" ಎಂದಳು.

ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು, ಚೌಕಟ್ಟನ್ನು ಹತ್ತಿರಕ್ಕೆ ಎಳೆದುಕೊಂಡು, ಅವನ ಸಹಾಯ ಕೇಳದೆ ಒಳಕ್ಕೆ ಹೋದಳು.